ಕಂದನ ಉಬ್ಬಸ: ಉಸಿರು ಹೇಳುವುದೆಷ್ಟು?

ಮಗುವಿನ ಎದೆಯಲ್ಲಿ ಸಣ್ಣ ಸಿಳ್ಳಿನಂಥ ಸದ್ದು ಕೇಳಿಬಂದರೆ ಮನೆಮಂದಿಗೆಲ್ಲ ಆ ರಾತ್ರಿ ನಿದ್ದೆಯಿಲ್ಲ. ನೆಗಡಿಯಾದಾಗಲೆಲ್ಲ ಅದು ಮರುಕಳಿಸಿತೆಂದರೆ ತಾಯಿತಂದೆಯರನ್ನು ಕಾಡುವ ಪ್ರಶ್ನೆ ಒಂದೇ: ಇದು ಬೆಳೆಯುತ್ತ ಬಿಟ್ಟುಹೋಗುವುದೋ, ಆಸ್ತಮವಾಗಿ ನೆಲೆನಿಲ್ಲುವುದೋ?

ತುಮಕೂರು ಜಿಲ್ಲೆಯ ಮಾಯಸಂದ್ರದ ಸುತ್ತಿನ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಕಲ್ಪವೃಕ್ಷದ ಯಾವ ಭಾಗವೂ ಇಲ್ಲಿ ವ್ಯರ್ಥವಾಗುವುದಿಲ್ಲ. ಕಾಯಿ ಅಟ್ಟವೇರಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತದೆ, ಮಟ್ಟೆ ನಾರಾಗುತ್ತದೆ, ಸೋಗೆ, ಕರಟಗಳು ನೀರೊಲೆಗೆ ಉರುವಲಾಗುತ್ತವೆ. ಸಂಸಾರವನ್ನು ಸಾಕುವ ಮರವೇ ಹೊಗೆಯನ್ನೂ ಧೂಳನ್ನೂ ಮನೆಯೊಳಕ್ಕೆ ತರುತ್ತದೆ. ದೊಡ್ಡವರು ಹೇಗೋ ಸಹಿಸುವ ಹೊಗೆಯನ್ನು ಎರಡು ವರ್ಷದ ಕಂದನ ಕಿರಿದಾದ ಉಸಿರುಕೊಳವೆ ಸಹಿಸಲಾರದು.

ಹಾಗೆಂದು ನಗರವಾಸಿಗಳು ನಿಶ್ಚಿಂತೆಯಿಂದಿರುವಂತಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇಕಡ 9ರಷ್ಟಿದ್ದ ಆಸ್ತಮವು 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು. ಇದು ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲವಾದರೂ ಏರಿಕೆಯ ದಿಕ್ಕನ್ನು ಸ್ಪಷ್ಟವಾಗಿ ತೋರುತ್ತದೆ.

ಆದರೆ ಉಬ್ಬಸವೆಲ್ಲ ಆಸ್ತಮವಲ್ಲ. ಅಮೆರಿಕದ ಟೂಸಾನ್ ನಗರದಲ್ಲಿ 1980ರಿಂದ ನೂರಾರು ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತ ಬಂದ ವೈದ್ಯರು 1995ರಲ್ಲಿ ಒಂದು ಸಮಾಧಾನದ ಸಂಗತಿಯನ್ನು ಪ್ರಕಟಿಸಿದರು. ಮೂರು ವರ್ಷ ತುಂಬುವ ಮುನ್ನ ಉಬ್ಬಸಪಟ್ಟಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿ ಆರನೆಯ ವಯಸ್ಸಿಗೆ ಅದರಿಂದ ಮುಕ್ತರಾಗಿದ್ದರು! ಉಳಿದವರು ಯಾರೆಂದು ಮೊದಲೇ ಗುರುತಿಸುವುದು ಹೇಗೆ? ಅದಕ್ಕಾಗಿ 2000ದಲ್ಲಿ ಅವರೇ ಒಂದು ಸೂಚಿಯನ್ನು ರಚಿಸಿದರು. ಪದೇ ಪದೇ ಉಬ್ಬಸ ಬರುವ ಮಗುವಿನ ತಂದೆಗೋ ತಾಯಿಗೋ ಆಸ್ತಮವಿದೆಯೆ? ಮಗುವಿಗೆ ಇಸುಬು ಇದೆಯೆ? ನೆಗಡಿಯಿಲ್ಲದಾಗಲೂ ಉಬ್ಬಸ ಬರುವುದೆ? ಅಲರ್ಜಿಯ ಸೀನು, ರಕ್ತದಲ್ಲಿ ಈಸಿನೋಫಿಲ್ ಎಂಬ ಬಿಳಿಯ ಕಣಗಳ ಹೆಚ್ಚಳ ಕಾಣುವುದೆ? ಇವುಗಳ ಉತ್ತರದಿಂದ ವೈದ್ಯರು ಅಪಾಯವನ್ನು ಅಂದಾಜು ಮಾಡುತ್ತಾರೆ.

ಇದಕ್ಕೆ ನೆರವಾಗಬಲ್ಲ ಸಾಧನವೇ ಉಸಿರಿನ ಪರೀಕ್ಷೆ. ಅಲರ್ಜಿಯಿಂದ ಉಸಿರುನಾಳದ ಒಳಪೊರೆ ಉರಿಗೊಂಡಾಗ ಅಲ್ಲಿನ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚಾಗಿ ಉತ್ಪಾದಿಸುತ್ತವೆ. ಬಿಡುವ ಉಸಿರಿನಲ್ಲಿ ಈ ಅನಿಲವಿದೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 1991ರಲ್ಲಿ ತೋರಿಸಿದರು. ಆಸ್ತಮ ಇರುವವರಲ್ಲಿ ಅದು ಅಧಿಕವೆಂಬುದು 1993ರಲ್ಲಿ ತಿಳಿಯಿತು. ಯಂತ್ರವು ಅಳೆಯುವುದು ನೂರು ಕೋಟಿಯಲ್ಲಿ ಎಷ್ಟು ಭಾಗವೆಂಬ ಸೂಕ್ಷ್ಮ ಪ್ರಮಾಣವನ್ನು. ಶಾಲೆಗೆ ಹೋಗುವ ಮಕ್ಕಳಲ್ಲಿ 20ಕ್ಕಿಂತ ಕಡಿಮೆಯಿದ್ದರೆ ಅಲರ್ಜಿಯ ಉರಿಯೂತ ಇರುವ ಸಂಭವ ಕಡಿಮೆ. 35ನ್ನು ಮೀರಿದರೆ ಸಂಶಯಕ್ಕೆ ಬಲ ಬರುತ್ತದೆ.

ತೊಡಕಿರುವುದು ಎಳೆಯರಲ್ಲಿ. ಕೆಲವು ಸೆಕೆಂಡುಗಳ ಕಾಲ ಒಂದೇ ಸಮನಾಗಿ ಊದೆಂದರೆ ಮೂರು ವರ್ಷದ ಮಗು ಊದೀತೆ? ನಗುತ್ತದೆ, ಇಲ್ಲವೆ ಅಳುತ್ತದೆ! ಆದುದರಿಂದಲೇ ಮುಖವಾಡವಿಟ್ಟು ಸಹಜವಾದ ಉಸಿರನ್ನೇ ಸಂಗ್ರಹಿಸುವ ಪ್ರಯೋಗಗಳು ನಡೆದಿವೆ. ಹಾಲೆಂಡಿನಲ್ಲಿ ಉಬ್ಬಸದ ಸುಮಾರು 200 ಮಕ್ಕಳ ಉಸಿರಿನಲ್ಲಿರುವ ಇತರ ಸೂಕ್ಷ್ಮ ಆವಿಗಳನ್ನು ಪರೀಕ್ಷಿಸಿ, ಆರನೆಯ ವಯಸ್ಸಿನಲ್ಲಿ ಯಾರಿಗೆ ಆಸ್ತಮ ಉಳಿಯಿತೆಂದು ತಾಳೆ ನೋಡಿದರು. ಸೂಚಿಯೊಡನೆ ಸೇರಿಸಿದಾಗ ಊಹೆ ಹೆಚ್ಚು ನಿಖರವಾಯಿತೆಂಬ ಫಲಿತಾಂಶ 2015ರಲ್ಲಿ ಹೊರಬಂದಿತು. ಆದರೂ ಉಸಿರು ಒಬ್ಬ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಅದೊಂದನ್ನೇ ನಂಬಿ ಮಗುವಿಗೆ ರೋಗದ ಹಣೆಪಟ್ಟಿ ಹಚ್ಚುವುದೂ ಸಲ್ಲದು, ಔಷಧ ನಿಲ್ಲಿಸುವುದೂ ಸಲ್ಲದು.

ಔಷಧದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸೇದುವ ಔಷಧ ಚಟವಾಗುತ್ತದೆ, ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಅಂಜಿಕೆಯಿಂದ ಅದನ್ನು ಬಚ್ಚಿಡುವ ಮನೆಗಳುಂಟು. ಅದು ಚಟ ಹಿಡಿಸುವುದಿಲ್ಲ. ನೇರವಾಗಿ ಶ್ವಾಸನಾಳಕ್ಕೇ ತಲಪುವುದರಿಂದ ಅತ್ಯಲ್ಪ ಪ್ರಮಾಣವೇ ಸಾಕಾಗುತ್ತದೆ.

ಕೆಲವು ಲಕ್ಷಣಗಳು ಮಾತ್ರ ಕಾಯಲು ಬಿಡುವುದಿಲ್ಲ. ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯಲೂ ಮಾತಾಡಲೂ ಆಗದಿರುವುದು, ಇವು ಕಂಡೊಡನೆ ಆಸ್ಪತ್ರೆಗೆ ಧಾವಿಸಬೇಕು. ಆರೋಗ್ಯವಾಗಿದ್ದ ಮಗು ಕಡಲೆಕಾಯಿ ಬೀಜವನ್ನೋ ಕೊಬ್ಬರಿ ಚೂರನ್ನೋ ತಿನ್ನುತ್ತಿದ್ದು ಥಟ್ಟನೆ ಕೆಮ್ಮಿ ಉಬ್ಬಸಪಟ್ಟರೆ, ಅದು ನಾಳದಲ್ಲಿ ಸಿಕ್ಕಿಕೊಂಡಿರಬಹುದು.

ಉಳಿದದ್ದು ಮನೆಯವರ ಕೈಯಲ್ಲಿದೆ. ಒಲೆ ಉರಿಯುವಾಗ ಮಗು ಹೊರಗಿರಲಿ, ಹೊಗೆಗೂಡು ಕಟ್ಟದಿರಲಿ, ಕಾಯಿ ಸುಲಿಯುವ, ನಾರು ಬಿಡಿಸುವ ಕೆಲಸ ತೊಟ್ಟಿಲಿನಿಂದ ದೂರ ನಡೆಯಲಿ, ಹಾಸಿಗೆಗೆ ಬಿಸಿಲು ಕಾಣಲಿ, ಬೀಡಿ ಸಿಗರೇಟು ಮನೆಯ ಹೊಸ್ತಿಲನ್ನು ದಾಟದಿರಲಿ. ಉಸಿರನ್ನು ಅಳೆಯುವ ಯಂತ್ರ ದೂರದ ಊರಿನಲ್ಲಿರಬಹುದು, ಒಲೆ ಮಾತ್ರ ಮನೆಯಲ್ಲೇ ಇದೆ.