ಐದು ವರ್ಷದ ಶಿಷ್ಯವೇತನ, ಆರು ವರ್ಷದ ಪಿಎಚ್‌.ಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ಪಾಠಗಳು ಆರಂಭವಾದಾಗ ಅಲ್ಲಿದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ರಸಾಯನವಿಜ್ಞಾನವೂ ಒಂದಾಗಿತ್ತು. ಜೀವರಸಾಯನ ವಿಭಾಗ 1921ರಲ್ಲಿ ಸೇರಿಕೊಂಡಿತು. ಈ ಎರಡು ಶಾಸ್ತ್ರಗಳ ನಡುವಿನ ಗೆರೆ ಈಗ ಬಹುಪಾಲು ಅಳಿಸಿಹೋಗಿದ್ದರೂ, ಅವುಗಳಲ್ಲಿ ಪಿಎಚ್‌.ಡಿ. ಮಾಡುವವರ ದಿನಚರಿ ಮಾತ್ರ ಇಂದಿಗೂ ಬೇರೆಬೇರೆಯಾಗಿಯೇ ಉಳಿದಿದೆ.

ಸ್ನಾತಕೋತ್ತರ ಪದವೀಧರರು ಸಾಮಾನ್ಯವಾಗಿ ಸಿಎಸ್‌ಐಆರ್‌–ಯುಜಿಸಿ ನೆಟ್‌ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ಶಿಷ್ಯವೇತನ, ಅಂದರೆ ಜೆಆರ್‌ಎಫ್‌ ಪಡೆದು ಬರುತ್ತಾರೆ, ಬಿ.ಎಸ್ಸಿ. ಮುಗಿಸಿದವರಿಗೆ, ಎಂ.ಎಸ್ಸಿ. ಮತ್ತು ಸಂಶೋಧನೆಯನ್ನು ಒಂದೇ ಹಾದಿಯಲ್ಲಿ ಕೂಡಿಸುವ ಇಂಟಿಗ್ರೇಟೆಡ್‌ ಪಿಎಚ್‌.ಡಿ.ಯೂ ಉಂಟು. ಸೇರಿದವರು ಮೊದಲು ಕೋರ್ಸ್‌ವರ್ಕ್‌ ಎಂಬ ನಿಗದಿತ ಪಾಠಗಳನ್ನು ಮುಗಿಸಬೇಕು; ಇವುಗಳಲ್ಲಿ ಸಂಶೋಧನೆಯ ನೀತಿಯೂ ಒಂದು ವಿಷಯ.

ನಿಜವಾದ ತರಬೇತಿ ನಡೆಯುವುದು ಪ್ರಯೋಗಾಲಯದಲ್ಲಿ. ಹೊಸ ಅಣುವೊಂದನ್ನು ಕಟ್ಟುವ ರಸಾಯನಶಾಸ್ತ್ರದ ವಿದ್ಯಾರ್ಥಿಯು ಸಿಲಿಕಾ ಬಳಿದ ಸಣ್ಣ ಪಟ್ಟಿಯ ಮೇಲೆ ದ್ರಾವಣದ ಚುಕ್ಕಿಯಿಟ್ಟು, ಅದನ್ನು ದ್ರಾವಕದಲ್ಲಿ ನಿಲ್ಲಿಸಿ, ಅತಿನೇರಳೆ ದೀಪದಡಿ ನೋಡಿದರೆ ಕ್ರಿಯೆ ಎಷ್ಟು ಮುಂದುವರಿದಿದೆ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಅಂದಾಜಿಸಬಹುದು. ಕೆಟ್ಟರೆ ಮರುದಿನವೇ ಹೊಸದಾಗಿ ತೊಡಗಬಹುದು. ಹಣ್ಣುನೊಣದ ಮೇಲೆ ಕೆಲಸ ಮಾಡುವ ಜೀವವಿಜ್ಞಾನದ ವಿದ್ಯಾರ್ಥಿಗೆ ಆ ಸೌಲಭ್ಯವಿಲ್ಲ. 25 ಡಿಗ್ರಿ ಸೆಲ್ಸಿಯಸ್‌ ಉಷ್ಣತೆಯಲ್ಲಿ ಮೊಟ್ಟೆಯು ಬೆಳೆದ ನೊಣವಾಗಲು ಸುಮಾರು ಹತ್ತು ದಿನ ಬೇಕು, ಬೇಕಾದ ವಂಶವಾಹಿಗಳೆಲ್ಲ ಕೂಡಿದ ತಳಿಗಾಗಿ ನಾಲ್ಕೈದು ತಲೆಮಾರು ದಾಟಿಸಿದರೆ ಎರಡು ತಿಂಗಳು ಕಳೆದಿರುತ್ತದೆ, ಮತ್ತು ಪ್ರಯೋಗ ಶುರುವಾಗುವುದೇ ಆಮೇಲೆ. ಹಾಗೆಂದು ರಸಾಯನಶಾಸ್ತ್ರ ಸುಲಭವೆಂದಲ್ಲ. ಹತ್ತು ಹದಿನೈದು ಹಂತಗಳ ಸಂಶ್ಲೇಷಣೆಯಲ್ಲಿ ಕೊನೆಯ ಹಂತ ಕೈಕೊಟ್ಟರೆ ತಿಂಗಳುಗಳ ದುಡಿಮೆ ಸಿಂಕಿನ ಪಾಲಾಗುತ್ತದೆ.

ನಿಯಮಗಳು ಈ ಅಂತರವನ್ನು ಗಣಿಸಿಲ್ಲ. ಯುಜಿಸಿಯ 2022ರ ನಿಯಮಾವಳಿಯು ಪಿಎಚ್‌.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷಗಳನ್ನು ಗೊತ್ತುಪಡಿಸಿದೆ; ಆದರೆ ಸಿಎಸ್‌ಐಆರ್‌ ಶಿಷ್ಯವೇತನವು 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಅನಂತರ 42,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆಯಂತೆ ನಡೆದು, ಐದು ವರ್ಷಕ್ಕೆ ನಿಂತುಹೋಗುತ್ತದೆ. ಮಹಾಪ್ರಬಂಧ ಬರೆಯುವ, ಪರೀಕ್ಷಕರ ವರದಿಗಾಗಿ ಕಾಯುವ, ಮೌಖಿಕ ಪರೀಕ್ಷೆಗೆ ಸಿದ್ಧವಾಗುವ ಕಾಲದಲ್ಲೇ ಜೇಬು ಬರಿದಾಗುವ ಈ ಏರ್ಪಾಡು ನ್ಯಾಯವಾದದ್ದಲ್ಲ. ಎಲ್ಲ ಶಾಸ್ತ್ರಗಳಿಗೂ ಒಂದೇ ಅಳತೆ ಹಿಡಿಯುವ ಬದಲು, ಕೆಲಸದ ಸ್ವರೂಪ ನೋಡಿ ಆರನೆಯ ವರ್ಷಕ್ಕೂ ನೆರವು ನೀಡುವುದು ಹೆಚ್ಚು ಸರಿಯಾದೀತು.

ಅಲ್ಲಿಯವರೆಗೆ, ಸೇರಬಯಸುವ ವಿದ್ಯಾರ್ಥಿಗಳು ಮಾರ್ಗದರ್ಶಕರ ಪ್ರಕಟಣೆಗಳ ಪಟ್ಟಿಯನ್ನಷ್ಟೇ ನೋಡದೆ, ಅದೇ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಗಳನ್ನು ಕಂಡು, ಅಲ್ಲಿ ಪದವಿ ಮುಗಿಯಲು ಎಷ್ಟು ವರ್ಷ ಹಿಡಿಯುತ್ತದೆ, ಶಿಷ್ಯವೇತನ ನಿಂತ ಮೇಲೆ ಏನು ವ್ಯವಸ್ಥೆಯಿದೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.