ಎರಡು ಷಟ್ಕೋನ, ಒಂದು ಸ್ವೆಟರ್

ಕ್ರೋಶಾ ಕಡ್ಡಿ ಹಿಡಿಯಬಲ್ಲ ಬಹಳ ಮಂದಿಯ ಕೈಚಳಕ ಮೇಜುಬಟ್ಟೆ, ಟೀವಿಯ ಹೊದಿಕೆ, ಬಾಗಿಲ ತೋರಣ ಇಷ್ಟಕ್ಕೇ ನಿಂತುಬಿಡುತ್ತದೆ. ತೊಡುವ ಉಡುಪು ಎಂದೊಡನೆ ಹಿಂಜರಿಕೆ. ಕಂಕುಳ ಬಳಿ ಎಷ್ಟು ಇಳಿಸಬೇಕು? ತೋಳಿನ ಮೇಲ್ಭಾಗಕ್ಕೆ ಎಷ್ಟು ದುಂಡು ಕೊಡಬೇಕು? ಬಟ್ಟೆಯಾದರೆ ಕತ್ತರಿಸಿ ಆಕಾರ ಕೊಡಬಹುದು. ಕ್ರೋಶಾಗೆ ಕತ್ತರಿ ಹಾಕುವಂತಿಲ್ಲ. ಹಾಕಿದರೆ ವಾರಗಟ್ಟಲೆಯ ಶ್ರಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಈ ಭಯಕ್ಕೆ ಪರಿಹಾರ ಶಾಲೆಯ ರೇಖಾಗಣಿತದಲ್ಲಿದೆ. ಆಕಾರ ಕೊಡುವ ತಾಪತ್ರಯವೇ ಬೇಡ, ಸರಳವಾದ ಚಪ್ಪಟೆ ಆಕೃತಿಗಳನ್ನು ಹೆಣೆದು ಮಡಚಿ ಸೇರಿಸಿದರೆ ಸಾಕು. ಒಂದು ಉದ್ದನೆಯ ಆಯತವನ್ನು ಮಧ್ಯಕ್ಕೆ ಮಡಚಿ ಎರಡು ತುದಿಗಳಲ್ಲಿ ಅಂಚು ಕೂಡಿಸಿದರೆ ಬೆನ್ನಿಗೆ, ತೋಳಿಗೆ ಹೊದೆಯುವ ಶ್ರಗ್ ಸಿದ್ಧ. ಎರಡು ಆಯತಗಳಿಂದ ಪೊಂಚೊ ಆಗುತ್ತದೆ. ಆದರೆ ಇವು ಮೈಮೇಲೆ ಜೋತುಬೀಳುವ ಉಡುಪುಗಳು. ಸರಿಯಾದ ತೋಳು, ಸರಿಯಾದ ಮುಂಭಾಗ ಎರಡೂ ಬೇಕೆನ್ನುವವರಿಗೆ ಷಟ್ಕೋನದ ಕಾರ್ಡಿಗನ್ನೇ ತಕ್ಕುದು. ಸೀರೆಯ ಮೇಲೂ ಚೂಡಿದಾರದ ಮೇಲೂ ಹಾಕಿಕೊಳ್ಳಬಹುದಾದ, ಮುಂದೆ ತೆರೆದ ಈ ಸ್ವೆಟರಿಗೆ ಬೇಕಾದದ್ದು ಒಂದೇ ಅಳತೆಯ ಎರಡು ಷಟ್ಕೋನಗಳು ಮಾತ್ರ.

ಹೆಣೆಯುವ ಕ್ರಮ ಹೀಗೆ. ಐದಾರು ಚೈನು ಹಾಕಿ ಬಳೆಯಂತೆ ಕೂಡಿಸಿ. ಅದರೊಳಗೆ ಮೂರು ಮೂರು ಕಂಬಗಳ ಆರು ಗುಂಪು. ಗುಂಪಿನಿಂದ ಗುಂಪಿಗೆ ಎರಡು ಚೈನು. ಇಲ್ಲಿ ಕಂಬ ಎಂದರೆ ಇಂಗ್ಲಿಷರ ಪುಸ್ತಕಗಳಲ್ಲಿ ಟ್ರೆಬಲ್ ಎಂದೂ ಅಮೆರಿಕದವರ ಪುಸ್ತಕಗಳಲ್ಲಿ ಡಬಲ್ ಕ್ರೋಶೆ ಎಂದೂ ಕರೆಯುವ ಹೆಣಿಗೆ. (ಒಂದೇ ಹೆಣಿಗೆಗೆ ಎರಡು ಹೆಸರಿಟ್ಟು ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಈ ಪದ್ಧತಿ ಇಂದಿಗೂ ನಿಂತಿಲ್ಲ!) ಎರಡು ಚೈನಿನ ಆ ಆರು ಕಿಂಡಿಗಳೇ ಆರು ಮೂಲೆಗಳು. ಮುಂದಿನ ಪ್ರತಿ ಸುತ್ತಿನಲ್ಲೂ ಮೂಲೆಯ ಕಿಂಡಿಯಲ್ಲಿ ಮೂರು ಕಂಬ, ಎರಡು ಚೈನು, ಮತ್ತೆ ಮೂರು ಕಂಬ. ಪಕ್ಕಗಳಲ್ಲಿ ಬರುವ ಪ್ರತಿ ಸಂದಿಗೆ ಮೂರೇ ಕಂಬ. ಗ್ರಾನಿ ಸ್ಕ್ವೇರ್ ಎಂಬ ಚೌಕ ಹೆಣೆದು ಗೊತ್ತಿದ್ದವರಿಗೆ ಇದರಲ್ಲಿ ಹೊಸತೇನೂ ಇಲ್ಲ, ನಾಲ್ಕು ಮೂಲೆಯ ಬದಲು ಆರು ಅಷ್ಟೆ.

ನಾಲ್ಕೈದು ಸುತ್ತು ದಾಟುವಷ್ಟರಲ್ಲಿ ಗಾಬರಿ ಶುರುವಾಗುತ್ತದೆ. ಹೆಣಿಗೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಅಂಚು ಅಲೆಅಲೆಯಾಗಿ ನಿರಿಗೆ ಕಟ್ಟುತ್ತದೆ. ಲೆಕ್ಕ ತಪ್ಪಿತೆಂದುಕೊಂಡು ಅನೇಕರು ಇಲ್ಲಿಗೇ ಬಿಚ್ಚಿಬಿಡುತ್ತಾರೆ. ಮತ್ತೆ ಹೆಣೆದರೂ ಅದೇ ಗತಿ. ಎರಡು ಸಲ ಬಿಚ್ಚಿದ ಮೇಲೆ ದಾರ ಗಂಟು ಸಮೇತ ಪೆಟ್ಟಿಗೆ ಸೇರುತ್ತದೆ, ಸ್ವೆಟರಿನ ಆಸೆ ಮುಂದಿನ ಚಳಿಗಾಲಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ತಪ್ಪೇ ಆಗಿಲ್ಲ. ಷಟ್ಕೋನ ಹೀಗೆ ಅಲೆಯಾಡಿದರೆ ಮಾತ್ರ ಸ್ವೆಟರ್ ಆಗುವುದು!

ಅದೇಕೆ? ಒಂದೇ ಅಳತೆಯ ಆರು ಕಾಗದದ ಚೌಕಗಳನ್ನು ಕತ್ತರಿಸಿಕೊಳ್ಳಿ. ಒಂದು ಬಿಂದುವಿನ ಸುತ್ತ ಅವುಗಳ ಮೂಲೆಗಳು ಕೂಡುವಂತೆ ಅಂಟುಪಟ್ಟಿಯಿಂದ ಜೋಡಿಸುತ್ತ ಹೋಗಿ. ನಾಲ್ಕು ಚೌಕಗಳಿಗೆ 360 ಡಿಗ್ರಿ ಮುಗಿದು ಸುತ್ತು ತುಂಬಿತು. ಆ ಸುತ್ತನ್ನು ಒಂದು ಕಡೆ ಬಿಡಿಸಿ ಐದನೆಯದನ್ನೂ ಆರನೆಯದನ್ನೂ ತುರುಕಿದರೆ ಒಟ್ಟು 540 ಡಿಗ್ರಿ. ಚಪ್ಪಟೆ ಮೇಜಿನ ಮೇಲೆ ಅಷ್ಟಕ್ಕೆ ಜಾಗವಿಲ್ಲ, ಕಾಗದ ಕುದುರೆಯ ಜೀನಿನಂತೆ ಬಾಗಲೇಬೇಕು. ಗ್ರಾನಿ ಕ್ರಮದ ಪ್ರತಿ ಮೂಲೆಯೂ ಹೀಗೇ ಒಂದು ಲಂಬಕೋನದಷ್ಟು ಬಟ್ಟೆಯನ್ನು ಹುಟ್ಟಿಸುತ್ತದೆ. ಚೌಕದಲ್ಲಿ ಸುತ್ತಿಗೆ 12 ಕಂಬ ಹೆಚ್ಚುತ್ತವೆ, ಇಲ್ಲಿ 18. ಅಂದರೆ ಒಂದೂವರೆ ಪಟ್ಟು. 540 ಕೂಡ 360ರ ಒಂದೂವರೆ ಪಟ್ಟೇ. ಈಗ ಕಾಗದದ ಆ ಆಕೃತಿಯನ್ನು ಎರಡು ಪದರ ಬರುವಂತೆ ಮಡಚಿ ನೋಡಿ. ಪದರಕ್ಕೆ ಮೂರು ಚೌಕ, ಒಳಮೂಲೆಯಲ್ಲಿ ಮಧ್ಯಬಿಂದು. ಇಂಗ್ಲಿಷಿನ ‘ಎಲ್’ ಅಕ್ಷರ! ಅಡ್ಡಗೆರೆ ತೋಳು, ಉದ್ದಗೆರೆ ಅರ್ಧ ಮೈ, ಮಧ್ಯಬಿಂದುವೇ ಕಂಕುಳು. ಪಕ್ಕದಲ್ಲಾಗಲಿ ತೋಳಿನ ಕೆಳಗಾಗಲಿ ಹೊಲಿಗೆಯೇ ಇಲ್ಲ.

ಅಲೆಯಾಡುವ ಹೆಣಿಗೆಗೆ ವಿದ್ವತ್ತಿನ ಲೋಕದಲ್ಲೂ ಒಂದು ಕಥೆಯಿದೆ. ಲ್ಯಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ, ಯೂಕ್ಲಿಡನ ನಿಯಮಕ್ಕೆ ಒಗ್ಗದ ಹೈಪರ್ಬೋಲಿಕ್ ತಲವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಅದನ್ನು ಕ್ರೋಶಾದಲ್ಲಿ ಹೆಣೆದರು. ಕಾಗದದ ಮಾದರಿಗಳು ಕೈಯಾಡಿದರೆ ಹರಿಯುತ್ತಿದ್ದವು, ದಾರದ್ದು ಹರಿಯಲಿಲ್ಲ. ಈ ಬಗ್ಗೆ ಅವರು ಬರೆದ ಪುಸ್ತಕಕ್ಕೆ 2012ರಲ್ಲಿ ಆಯ್ಲರ್ ಪುಸ್ತಕ ಪ್ರಶಸ್ತಿ ಬಂತು. ಅವರ ತಲದಲ್ಲಿ ಹೆಚ್ಚುವರಿ ಬಟ್ಟೆ ಎಲ್ಲೆಡೆ ಹರಡಿರುತ್ತದೆ. ಸ್ವೆಟರಿನ ಷಟ್ಕೋನದಲ್ಲಾದರೋ ಅದು ಮಧ್ಯಬಿಂದುವೊಂದರಲ್ಲೇ ಅಡಗಿದೆ. ಅದಕ್ಕೇ ಅದು ನಿರಿಗೆಯಿಲ್ಲದೆ ಮಡಚಿಕೊಳ್ಳುತ್ತದೆ.

ಅಳತೆಗೆ ಬರೋಣ. ಷಟ್ಕೋನದ ಮಧ್ಯದಿಂದ ಒಂದು ಪಕ್ಕದ ನಡುವಿನವರೆಗಿನ ದೂರ ಒಂದು ಗೊತ್ತಾದರೆ ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಅದು 25 ಸೆಂ.ಮೀ. ಎಂದುಕೊಳ್ಳಿ. ಎದೆಸುತ್ತು ಅದರ ನಾಲ್ಕು ಪಟ್ಟು, 100 ಸೆಂ.ಮೀ. ಭುಜದಿಂದ ಕೆಳಗಿನ ಉದ್ದ ಎರಡು ಪಟ್ಟು, 50. ತೋಳಿನ ಸುತ್ತಳತೆಯೂ 50. ಕಂಕುಳಿನಿಂದ ಮುಂದೆ ತೋಳು 25, ಅಂದರೆ ಮೊಣಕೈ ಸುತ್ತಮುತ್ತ. ಎರಡು ‘ಎಲ್’ಗಳನ್ನು ಎದುರುಬದುರಾಗಿಟ್ಟು ಬೆನ್ನಿನ ನಡುವೆ ಒಂದು ಹೊಲಿಗೆ, ಎರಡೂ ಭುಜದಿಂದ ತೋಳಿನ ತುದಿಯವರೆಗೆ ಒಂದೊಂದು. ಕುತ್ತಿಗೆಯ ಬಳಿ ಭುಜದ ಅಂಚನ್ನು ಎಂಟು ಸೆಂ.ಮೀ.ನಷ್ಟು ಹೊಲಿಯದೆ ಬಿಟ್ಟರೆ ಮುಂದಿನ ಮೂಲೆಗಳು ಕಾಲರಿನಂತೆ ಹೊರಕ್ಕೆ ಮಡಚಿಕೊಳ್ಳುತ್ತವೆ.

ಒಂದೇ ಅಳತೆಯಿಂದ ಎಲ್ಲವೂ ಹೊರಡುವುದು ಈ ಉಡುಪಿನ ಹೆಗ್ಗಳಿಕೆ. ದೋಷವೂ ಅದೇ. ದಪ್ಪ ಮೈಯವರಿಗೆಂದು ಷಟ್ಕೋನ ದೊಡ್ಡದು ಮಾಡಿದರೆ ತೋಳು ಚೀಲವಾಗುತ್ತದೆ. ಹಾಗಾಗಿ ಷಟ್ಕೋನವನ್ನು ತೋಳಿನ ಅಂದಾಜಿಗೆ ನಿಲ್ಲಿಸಿ, ಬೆನ್ನಿನ ನಡುವಿನ ಮತ್ತು ಮುಂದಿನ ಅಂಚುಗಳಿಗೆ ನೇರ ಸಾಲುಗಳನ್ನು ಸೇರಿಸಿ ಅಗಲ ಮಾಡಿಕೊಳ್ಳುವುದು ಜಾಣತನ. ಕೆಳಗಿನ ಉದ್ದಕ್ಕೂ ತೋಳಿನ ಉದ್ದಕ್ಕೂ ಇದೇ ಉಪಾಯ. ಮುಂಗೈಗೆ ಸಣ್ಣ ಕಡ್ಡಿಯಿಂದ ಬಿಗಿಯಾದ ಪಟ್ಟಿ ಹೆಣೆದರೆ ತೋಳು ಕೈಗೆ ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ಆತಂಕ ದಾರದ್ದು. ಮುಕ್ಕಾಲು ಸ್ವೆಟರಾದ ಮೇಲೆ ಉಲ್ಲನ್ ಮುಗಿದು ಅಂಗಡಿಗೆ ಓಡಿದರೆ ಅದೇ ಬಣ್ಣದ ಅದೇ ಲಾಟು ಸಿಗುವ ಭರವಸೆಯಿಲ್ಲ. ಬೇರೆ ಲಾಟಿನ ಛಾಯೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಇದನ್ನು ಮೊದಲೇ ತಿಳಿಯುವ ಮಾರ್ಗವೊಂದಿದೆ. ಸುತ್ತಿಗೆ ಒಂದೂಕಾಲು ಸೆಂ.ಮೀ. ಬೆಳೆದರೆ 25 ಸೆಂ.ಮೀ.ಗೆ 20 ಸುತ್ತು. ಮೊದಲ ಸುತ್ತಿಗೆ 18 ಕಂಬ, ಎರಡನೆಯದಕ್ಕೆ 36, ಇಪ್ಪತ್ತನೆಯದಕ್ಕೆ 360. ಎಲ್ಲ ಕೂಡಿದರೆ 3,780. ಹದಿನಾಲ್ಕನೆಯ ಸುತ್ತಿನವರೆಗೆ ಕೂಡಿದರೆ 1,890, ಕರಾರುವಾಕ್ಕಾಗಿ ಅರ್ಧ! ಕೊನೆಯ ಆರೇ ಸುತ್ತುಗಳು ಉಳಿದರ್ಧವನ್ನು ನುಂಗುತ್ತವೆ. ಆದ್ದರಿಂದ ಮೊದಲ ಷಟ್ಕೋನದ 14 ಸುತ್ತು ಮುಗಿದಾಗ ಅದನ್ನು ತಕ್ಕಡಿಗೆ ಹಾಕಿ. ಆ ತೂಕದ ನಾಲ್ಕು ಪಟ್ಟು ದಾರ ಎರಡು ಷಟ್ಕೋನಗಳಿಗೆ ಬೇಕು, ಪಟ್ಟಿಗಳದ್ದು ಬೇರೆ. ಕೈಯಲ್ಲಿ ಅಷ್ಟಿಲ್ಲವೆಂದರೆ ಅಂಗಡಿಗೆ ಹೋಗುವ ದಿನ ಅದೇ.

ಬೆಚ್ಚಗಿರುತ್ತದೆಯೇ? ಉಣ್ಣೆ ತಾನಾಗಿ ಶಾಖ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ ಮೈಯ ಶಾಖವನ್ನು ಹೊರಬಿಡದೆ ತಡೆಯುತ್ತದೆ. ಗ್ರಾನಿ ಹೆಣಿಗೆಯಲ್ಲಿ ಕಿಂಡಿಗಳು ಹೆಚ್ಚು. ಮಡಿಕೇರಿಯ ಬೀಸುಗಾಳಿಯಲ್ಲಿ ಅದೊಂದನ್ನೇ ತೊಟ್ಟು ಹೊರಟರೆ ಆ ಗಾಳಿ ಹಾರಿಹೋಗಿ ನಡುಕ ಬರುತ್ತದೆ. ಮೇಲೊಂದು ಕೋಟೋ ಶಾಲೋ ಬಿದ್ದರೆ ಅದೇ ಸ್ವೆಟರ್ ಬೆಚ್ಚಗೆ. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಅಕ್ರಿಲಿಕ್ ದಾರ ಸಾಕು. ಕರಾವಳಿಯವರು ಹತ್ತಿಯದನ್ನು ಆರಿಸಬಹುದು, ಆದರೆ ಹತ್ತಿ ಭಾರಕ್ಕೆ ಜಗ್ಗುತ್ತದೆ, ಉದ್ದವನ್ನು ಒಂದೆರಡು ಸುತ್ತು ಕಡಿಮೆಯೇ ಇಡಬೇಕು.

ಮೊದಲ ಪ್ರಯತ್ನಕ್ಕೆ ಎರಡು ವರ್ಷದ ಮಗುವಿನ ಅಳತೆ ಒಳ್ಳೆಯದು. ಮಧ್ಯದಿಂದ 15 ಸೆಂ.ಮೀ., 12 ಸುತ್ತು. ಎರಡೂ ಷಟ್ಕೋನ ಸೇರಿ 2,808 ಕಂಬ, ದೊಡ್ಡವರ ಸ್ವೆಟರಿನ ಮೂರನೆಯ ಒಂದು ಭಾಗಕ್ಕಿಂತ ಕೊಂಚ ಜಾಸ್ತಿ. ಅಟ್ಟದ ಮೇಲಿನ ಹಳೆಯ ಕೈಹೆಣಿಗೆ ಸ್ವೆಟರೊಂದನ್ನು ಬಿಚ್ಚಿ, ದಾರವನ್ನು ಲಡಿ ಸುತ್ತಿ ಒದ್ದೆ ಮಾಡಿ, ತುದಿಗೆ ಚಿಕ್ಕ ಭಾರ ಕಟ್ಟಿ ನೆರಳಿನಲ್ಲಿ ಒಣಹಾಕಿದರೆ ಗುಂಗುರು ಬಿಟ್ಟು ನೇರವಾಗುತ್ತದೆ. ಹೊಸ ದಾರ ಕೊಳ್ಳಬೇಕಾಗಿಯೇ ಇಲ್ಲ.