ಕಲಿಸಲು ಬಂದವನು ಕಲಿತ ಊರು

ಕ್ರೈಸ್ತ ಮಿಷನರಿ ವಿಲಿಯಂ ಆರ್ಥರ್ ಗುಬ್ಬಿಗೆ ಬಂದಾಗ ಆತನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ವೆಸ್ಲಿಯನ್ ದೇವಶಾಸ್ತ್ರ ಶಾಲೆಯಲ್ಲಿ ಓದಿ, 1839ರಲ್ಲಿ ಹಡಗು ಹತ್ತಿದ ತರುಣ. ಎರಡೇ ವರ್ಷದಲ್ಲಿ ಆರೋಗ್ಯ ಕೆಟ್ಟು 1841ರಲ್ಲಿ ಊರಿಗೆ ಮರಳಿದ. ಮುಂದೆ ತನ್ನ ಪಂಗಡದ ದೊಡ್ಡ ಹುದ್ದೆಗಳನ್ನೇರಿದ. ಚರ್ಚಿನ ಚರಿತ್ರೆಕಾರರು ಆತನನ್ನು ನೆನೆಯುವುದು ಆ ಹುದ್ದೆಗಳಿಗಾಗಿ ಮತ್ತು ಬರೆದ ಪುಸ್ತಕಗಳಿಗಾಗಿ. ಗುಬ್ಬಿಯ ಎರಡು ವರ್ಷ ಅವರ ಲೆಕ್ಕದಲ್ಲಿ ಒಂದು ಮುನ್ನುಡಿ ಅಷ್ಟೆ. ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆತನ ನಿಜವಾದ ತರಬೇತಿ ನಡೆದದ್ದು ಹಾಕ್ಸ್‌ಟನ್ನಿನಲ್ಲಲ್ಲ, ಇಲ್ಲಿ. ಗುರುಗಳು ಇಲ್ಲಿಯ ಜನ. ಹಾಗಾಗಿ ಆತನ ಹೆಸರು ನಮ್ಮ ಸೀಮೆಯ ಚರಿತ್ರೆಯಲ್ಲಿ ಬರಬೇಕಾದದ್ದು ಬೋಧಕನಾಗಿ ಅಲ್ಲ, ವಿದ್ಯಾರ್ಥಿಯಾಗಿ.

ಆ ಕಾಲಕ್ಕೆ ಕನ್ನಡ ಕಲಿಯಬಯಸಿದ ಪರದೇಶಿಯ ಕೈಗೆ ಸಿಗುತ್ತಿದ್ದ ಪುಸ್ತಕಗಳು ಬೆರಳೆಣಿಕೆಯವು: 1817ರ ಕೇರಿಯ ವ್ಯಾಕರಣ, 1820ರ ಮೆಕೆರೆಲ್ ವ್ಯಾಕರಣ, ಬಳ್ಳಾರಿಯಲ್ಲಿದ್ದ ರೀವ್ 1832ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು. ಕಿಟೆಲ್ ನಿಘಂಟಿಗೆ 1894ರವರೆಗೆ ಕಾಯಬೇಕಿತ್ತು. ಈ ಪುಸ್ತಕಗಳನ್ನು ಬಾಯಿಪಾಠ ಮಾಡಿದವನೂ ಸಂತೆಗೆ ಹೋದರೆ ಮೂಕ. ಪುಸ್ತಕದಲ್ಲಿ ‘ಇದೆ’ ಎಂದಿದ್ದರೆ ಈ ಸೀಮೆಯ ಬಾಯಲ್ಲಿ ಅದು ‘ಐತೆ’. ಪುಸ್ತಕದಲ್ಲಿ ‘ಹೋಗುತ್ತೇನೆ’ ಎಂದಿದ್ದರೆ ಮನೆಯಿಂದ ಹೊರಡುವವನು ಹೇಳುವುದು ‘ಬತ್ತೀನಿ’. ಹೋಗುವವನು ಬರುತ್ತೇನೆ ಎನ್ನುವುದು ಯಾಕೆಂದು ಯಾವ ವ್ಯಾಕರಣವೂ ಹೇಳಿಕೊಡದು. ಹಜಾರದಲ್ಲಿ ಕೂತ ಅಜ್ಜಿ ಹೇಳಿಕೊಡಬೇಕು. ಒಂದು ತೆಂಗಿನ ಮರವನ್ನೇ ತೆಗೆದುಕೊಳ್ಳಿ. ಹೊಂಬಾಳೆ, ಗೊನೆ, ಗರಿ, ಮಟ್ಟೆ, ಎಳನೀರು, ಕಾಯಿ, ನಾರು, ಚಿಪ್ಪು, ಕರಟ, ಕೊಬ್ಬರಿ ಗಿಟುಕು. ಇಂಗ್ಲಿಷಿನವನು ‘ಕೋಕನಟ್’ ಎಂಬ ಒಂದೇ ಪದದಲ್ಲಿ ಮುಗಿಸುವ ವಸ್ತುವಿಗೆ ಇಲ್ಲಿ ಬೆಳೆಯ ಹಂತಕ್ಕೊಂದು, ಬಳಕೆಗೊಂದು ಹೆಸರು. ಇವನ್ನು ಕಲಿಯದವನು ರೈತನೆದುರು ಬಾಯಿ ತೆರೆದರೆ ನಗೆಪಾಟಲು. ಭಾಷೆ ಕಲಿಸುವ ಮುನ್ಷಿ ಬೆಳಗ್ಗೆ ಬಂದು ಅಕ್ಷರ ತಿದ್ದಿಸಬಲ್ಲ. ಸಂಜೆಯ ಪರೀಕ್ಷೆ ಮಾತ್ರ ಸಂತೆಯ ಬಯಲಿನದು. ಗುಬ್ಬಿಯಲ್ಲಿ ಆ ಬಯಲಿಗೇನೂ ಕೊರತೆಯಿರಲಿಲ್ಲ. ಅಡಿಕೆಗೆ ಹೆಸರಾದ, ಸುತ್ತಲ ಹಳ್ಳಿಗಳ ಜನ ನೆರೆಯುವ ಸಂತೆ ಅಲ್ಲಿಯದು.

ಪರೀಕ್ಷಕರೂ ಸಾಮಾನ್ಯರಲ್ಲ. ಗುಬ್ಬಿ ಎಂದರೆ ‘ಭಾವಚಿಂತಾರತ್ನ’, ‘ವೀರಶೈವಾಮೃತ’ ಬರೆದ ಹದಿನಾರನೆಯ ಶತಮಾನದ ಮಲ್ಲಣಾರ್ಯನ ಊರು. ಕಾವ್ಯ ಓದಿಸಿ ಅರ್ಥ ಹೇಳಿಸಿ ಕೇಳುವುದು, ತತ್ತ್ವದ ಪ್ರಶ್ನೆ ಎತ್ತಿ ವಾದಿಸುವುದು ಇಲ್ಲಿಯ ಜಗಲಿಗಳಿಗೆ ಹೊಸದಲ್ಲ. ಇದೇ ಊರಿನಲ್ಲಿ 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿ ಕನ್ನಡ ನಾಡನ್ನೆಲ್ಲ ಸುತ್ತಿತು ಎಂಬುದನ್ನು ನೆನೆದರೆ, ಇಲ್ಲಿಯ ಕಿವಿ ಎಷ್ಟು ಪಳಗಿದ್ದೆಂದು ಬೇರೆ ಹೇಳಬೇಕಿಲ್ಲ. ಅಂಥವರ ಮುಂದೆ ನಿಲ್ಲುವ ಪರದೇಶಿಗೆ ದೇವಶಾಸ್ತ್ರ ಎಷ್ಟು ಗೊತ್ತು ಎನ್ನುವುದಕ್ಕಿಂತ ಎದುರಿನವರ ಪ್ರಶ್ನೆ ಅರ್ಥವಾಯಿತೇ ಎನ್ನುವುದು ಮುಖ್ಯ. ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ದಪ್ಪ ಪುಸ್ತಕ ಪ್ರಕಟಿಸಿದ. ಅದರಲ್ಲಿ ನಮ್ಮ ದೇವರು-ದಿಂಡರ ಬಗ್ಗೆ ಇರುವ ತೀರ್ಪುಗಳು ಇಂದು ಓದಿದರೆ ಕಸಿವಿಸಿ ತರುತ್ತವೆ. ಆದರೆ ದಪ್ಪ ಪುಸ್ತಕಕ್ಕೆ ಸರಕು ಒದಗಿಸಿದ್ದು ಎರಡೇ ವರ್ಷದ ವಾಸ. ಇಲ್ಲಿಯವರು ಎಷ್ಟು ಹೇಳಿಕೊಟ್ಟರು ಎಂಬುದಕ್ಕೆ ಅದೇ ಸಾಕ್ಷಿ.

ಭಾಷೆ ಕಲಿತದ್ದು ಮತಾಂತರಕ್ಕೆ ತಾನೆ, ಅದನ್ನೇಕೆ ಕೊಂಡಾಡಬೇಕು ಎಂದು ಕೇಳುವವರಿದ್ದಾರೆ. ಉದ್ದೇಶ ಅದೇ ಆಗಿತ್ತು. ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ಇಲ್ಲಿ ಕೊಂಡಾಡುತ್ತಿರುವುದು ಕಲಿತವನ ಉದ್ದೇಶವನ್ನಲ್ಲ, ಕಲಿಸಿದವರ ವಿದ್ಯೆಯನ್ನು. ತಮ್ಮ ನಂಬಿಕೆಯನ್ನು ಅಲ್ಲಗಳೆಯಲು ಬಂದವನಿಗೂ ಕಾಗುಣಿತ ಹೇಳಿಕೊಟ್ಟ ಜನರಿಗೆ ತಮ್ಮ ನಂಬಿಕೆಯ ಮೇಲೆ ಭರವಸೆ ಇದ್ದಿರಲೇಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು: ಆರ್ಥರ್ ವಿನಯದಿಂದ ಶಿಷ್ಯನಾದವನಲ್ಲ, ಆಳುವವರ ಬಣ್ಣದವನು. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮುನ್ಷಿ ಸಂಬಳಕ್ಕೆ ಬಂದವನು, ಬಿಳಿಯ ದೊರೆಯ ತಪ್ಪನ್ನು ನಕ್ಕು ತಿದ್ದುವ ಸಲಿಗೆ ಅವನಿಗೆಲ್ಲಿ? ಈ ಮಾತಿನ ತೂಕ ಗೊತ್ತಾಗಬೇಕಾದರೆ ಎದುರು ದಿಕ್ಕಿನ ಪಯಣವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾಗಿ, 1846ರಲ್ಲಿ ಮಿಷನರಿ ಮೋಗ್ಲಿಂಗ್ ಜೊತೆ ಯುರೋಪಿಗೆ ಹೋಗಿ, ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದ. ಐದು ವರ್ಷ, ಪಾಠ ಜರ್ಮನ್ ಭಾಷೆಯಲ್ಲಿ, ಜೊತೆಗೆ ಬೈಬಲಿನ ಹಳೆಯ ಭಾಷೆಗಳು, ಸುತ್ತ ಬಹುಪಾಲು ರೈತರ ಮತ್ತು ಕಸುಬುದಾರರ ಮಕ್ಕಳಾದ ಸಹಪಾಠಿಗಳು. ಆರ್ಥರ್ ಹಡಗು ಹತ್ತಿದಾಗ ಬಿಟ್ಟುಬಂದದ್ದು ಮನೆ. ಕೌಂಡಿನ್ಯ ಬಿಟ್ಟದ್ದು ಜಾತಿ. ಒಬ್ಬನಿಗೆ ಹಿಂತಿರುಗುವ ದಾರಿ ಸದಾ ತೆರೆದಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಆರ್ಥರ್ ಕನ್ನಡದಲ್ಲಿ ತಪ್ಪಿದರೆ ಪರದೇಶಿ ಎಂದು ಜನ ಮಾಫಿ ಮಾಡುತ್ತಿದ್ದರು. ಕೌಂಡಿನ್ಯ ಬಾಸೆಲಿನಲ್ಲಿ ತಪ್ಪಿದ್ದರೆ ಅದು ಇಡೀ ಹಿಂದೂಸ್ತಾನದವರ ತಪ್ಪಾಗಿ ಕಾಣುವ ಅಪಾಯವಿತ್ತು. ಇಬ್ಬರ ತರಬೇತಿಯೂ ಪರದೇಶದ್ದೇ, ಸಮನಾದದ್ದಲ್ಲ. ಹೀಗಾಗಿ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಉಳಿದರ್ಧ ನಿಲ್ಲದು: ಅಧಿಕಾರ ಎಷ್ಟೇ ಇದ್ದರೂ ನಾಲಿಗೆಯನ್ನು ಹುಕುಂ ಮಾಡಿ ಹೊರಳಿಸಲಾಗದು. ‘ಳ’ಕಾರ ಬಾರದವನ ಮುಂದೆ ಹತ್ತು ಸಲ ‘ಹಳ್ಳಿ’ ಎಂದು ಹೇಳಿ ತೋರಿಸುವ ಹೊತ್ತಿನಲ್ಲಿ ದೊರೆ ಯಾರು, ಆಳು ಯಾರು?

ಎರಡು ವರ್ಷದಲ್ಲಿ ಓಡಿಹೋದವನಿಂದ ಕನ್ನಡಕ್ಕೇನು ಲಾಭ ಎಂಬ ಮಾತೂ ಬರಬಹುದು. ಆರ್ಥರನಿಂದ ಹೆಚ್ಚೇನಿಲ್ಲ. ಆದರೆ ಗುಬ್ಬಿಯಲ್ಲೇ ಇದ್ದು ಕಲಿತ ಆತನ ಹಿರಿಯ ಸಹೋದ್ಯೋಗಿ ಥಾಮಸ್ ಹಾಡ್ಸನ್ ಬರೆದ ಕನ್ನಡ ವ್ಯಾಕರಣ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಬಂದು, ಮುಂದೆ ಬಂದ ಹೊಸಬರ ಕೈಪಿಡಿಯಾಯಿತು. ಇದೇ ಸೀಮೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ತೀ.ನಂ.ಶ್ರೀಕಂಠಯ್ಯ ಹುಟ್ಟಿದ್ದು 1906ರಲ್ಲಿ. ಭಾಷೆಯನ್ನು ಶಾಸ್ತ್ರವಾಗಿ ನೋಡುವ ವಿದ್ವಾಂಸ ಈ ಸೀಮೆಯಿಂದ ಬಂದದ್ದನ್ನು ಹಾಡ್ಸನ್ನನ ಖಾತೆಗೆ ಬರೆಯುವುದು ಮೂರ್ಖತನ. ಇಲ್ಲಿಯ ಆಡುನುಡಿ ಮತ್ತು ಓದಿನ ಬಳಕೆ ಎರಡೂ ಗಟ್ಟಿಯಾಗಿದ್ದವು. ಅದರ ಪಾಲು ಪರದೇಶಿಗೂ ಸಿಕ್ಕಿತು ಎನ್ನುವುದಷ್ಟೇ ಸರಿ.

ಆರ್ಥರನ ಪುಸ್ತಕದ ಮುಖಪುಟದಲ್ಲಿ ಹೆಸರು ಒಬ್ಬನದೇ. ಕಲಿಸಿದವರ ಹೆಸರು ಹುಡುಕಬೇಕಾದದ್ದು ಲಂಡನ್ನಿನ ಕಪಾಟಿನಲ್ಲಿ ಮಾತ್ರವಲ್ಲ, ಈ ನಾಲ್ಕು ತಾಲ್ಲೂಕುಗಳ ಶಾನುಭೋಗರ, ಅಯ್ಯನವರ, ಸೆಟ್ಟರ ಮನೆಗಳ ಕಡತಗಳಲ್ಲಿ. ಈ ಸಲ ಕೊಬ್ಬರಿ ಇಳಿಸಲು ಅಟ್ಟ ಹತ್ತಿದಾಗ ಮೂಲೆಯ ಹಳೆಯ ಪೆಟ್ಟಿಗೆಯನ್ನೂ ಒಮ್ಮೆ ಇಳಿಸಿ ನೋಡಿ. ಮಿಷನ್ನಿನವರಿಗೆ ಕನ್ನಡ ಹೇಳಿಕೊಟ್ಟ ಹಿರಿಯರ ಲೆಕ್ಕದ ಚೀಟಿಯೋ ಕಾಗದವೋ ಸಿಕ್ಕರೆ ಗುಜರಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಚರಿತ್ರೆಯ ಮೇಷ್ಟ್ರಿಗೆ ತೋರಿಸಿ.